ಗುಡ್ಡದ ಕಾಲುದಾರಿಯಲ್ಲಿ ಬ್ಯಾಟರಿ ಸೈಕಲ್: ಯಾರು ಯಾರಿಗೆ ದಾರಿ ಬಿಡಬೇಕು?

ಚಿತ್ರದುರ್ಗದ ಸುತ್ತಲಿನ ಗುಡ್ಡಗಳಿಗೆ ಈಗ ಹೊಸ ಥರದ ಸೈಕಲ್ ಬರತೊಡಗಿದೆ. ದಪ್ಪ ಟೈರು, ಮುಂದೆ ಹಿಂದೆ ಶಾಕ್ ಅಬ್ಸಾರ್ಬರ್, ಪೆಡಲ್ ತಿರುಗುವ ಜಾಗದಲ್ಲೇ ಒಂದು ಮೋಟಾರು, ಫ್ರೇಮಿನ ಕೊಳವೆಯೊಳಗೆ ಬ್ಯಾಟರಿ. ಹೆಸರು ಎಲೆಕ್ಟ್ರಿಕ್ ಮೌಂಟನ್ ಬೈಕ್. ನಾವು ಬ್ಯಾಟರಿ ಸೈಕಲ್ ಅಂತಲೇ ಕರೆಯುತ್ತೇವೆ. ಭಾನುವಾರ ಬೆಳಗ್ಗೆ ದಾವಣಗೆರೆ ಕಡೆಯಿಂದ ಕಾರಿನ ಹಿಂದೆ ಕಟ್ಟಿಕೊಂಡು ಬರುವವರೂ ಇದ್ದಾರೆ. ಇನ್ನೂ ಕೈಬೆರಳೆಣಿಕೆಯಷ್ಟು ಜನ. ಆದರೆ ಬೆಲೆ ಇಳಿದಂತೆ ಜಾಸ್ತಿ ಆಗುವುದು ಖಂಡಿತ. ಜಾಸ್ತಿ ಆದ ಮೇಲೆ ಜಗಳ ಬಿಡಿಸುವುದಕ್ಕಿಂತ ಈಗಲೇ ಕೂತು ಮಾತಾಡುವುದು ಒಳ್ಳೆಯದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಅಗಲವಾದ ಮಣ್ಣು ರಸ್ತೆಗಳಲ್ಲಿ ಇವು ಓಡಾಡಲಿ, ತಕರಾರಿಲ್ಲ. ಒಬ್ಬರು ಬಂದರೆ ಇನ್ನೊಬ್ಬರು ಪಕ್ಕಕ್ಕೆ ಸರಿಯಬೇಕಾದ ಕಾಲುದಾರಿಗಳಲ್ಲಿ ಬೇಡ. ನಾನು ಸೈಕಲ್ ತುಳಿಯುವವನೇ. ಗುಡ್ಡ ಹತ್ತಿ ನಡೆಯುವವನೂ ಹೌದು. ಎರಡೂ ಕಡೆಯಿಂದ ಯೋಚನೆ ಮಾಡಿಯೇ ಈ ಮಾತಿಗೆ ಬಂದಿದ್ದೇನೆ.

ನಮ್ಮ ಗುಡ್ಡದ ದಾರಿಗಳನ್ನು ಯಾರೂ ಸೈಕಲ್ಲಿಗೆ ಅಂತ ಮಾಡಲಿಲ್ಲ. ನಡೆದು ವ್ಯಾಯಾಮ ಮಾಡಲಿಕ್ಕೆ ಅಂತಲೂ ಮಾಡಲಿಲ್ಲ. ಕುರಿ ಮೇಕೆ ಓಡಾಡಿ ಆದ ದಾರಿಗಳು ಇವು. ಸೌದೆ ತರಲು ಹೋಗುವ ಹೆಂಗಸರು, ಸೀತಾಫಲದ ಕಾಲದಲ್ಲಿ ಬುಟ್ಟಿ ಹೊತ್ತು ಇಳಿಯುವವರು, ಗುಡ್ಡದ ಮೇಲಿನ ದೇವರಿಗೆ ಹರಕೆ ಹೊತ್ತು ಹೋಗುವವರು ತುಳಿದು ತುಳಿದು ಮಾಡಿದ ದಾರಿಗಳು. ಅಮೆರಿಕದಲ್ಲಿ ಎಷ್ಟೋ ವರ್ಷದಿಂದ ಇದೇ ವಿಷಯಕ್ಕೆ ಜಗಳ ನಡೆದಿದೆ. ಅಲ್ಲಿ ಒಂದು ಕಡೆ ನಡೆಯುವವರು, ಇನ್ನೊಂದು ಕಡೆ ಕುದುರೆಯವರು, ಮತ್ತೊಂದು ಕಡೆ ಸೈಕಲ್‌ನವರು. ಬಹುಪಾಲು ಎಲ್ಲರೂ ರಜೆಯ ದಿನ ಖುಷಿಗೆ ಬಂದವರೇ. ನಮ್ಮಲ್ಲಿ ಹಾಗಲ್ಲ. ಇಲ್ಲಿ ಸೈಕಲ್‌ನವನು ಖುಷಿಗೆ ಬಂದಿರುತ್ತಾನೆ, ಎದುರಿಗೆ ಬರುವವರು ಕೆಲಸಕ್ಕೆ ಬಂದಿರುತ್ತಾರೆ. ಅಲ್ಲಿಯ ವಾದಗಳನ್ನು ಇಲ್ಲಿಗೆ ತರುವಾಗ ಈ ವ್ಯತ್ಯಾಸವನ್ನು ಮರೆಯಬಾರದು.

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹೋದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ದನ ಸಾಕುವ ಮ್ಯಾಸಬೇಡ ಸಮುದಾಯದ ಹಟ್ಟಿಗಳ ದೇವರ ಎತ್ತುಗಳು ಅಲ್ಲಿ ಬಯಲಲ್ಲೇ ಮೇಯುತ್ತವೆ. ಅವನ್ನು ಕಾಯಲೆಂದೇ ಕಿಲಾರಿಗಳಿದ್ದಾರೆ. ಚಳ್ಳಕೆರೆಯ ಅಮೃತ ಮಹಲ್ ಕಾವಲಿನಲ್ಲಿ, ಅಂದರೆ ಅಮೃತ ಮಹಲ್ ದನಗಳಿಗೆ ಅಂತ ಬಿಟ್ಟಿದ್ದ ಹುಲ್ಲುಗಾವಲಿನಲ್ಲಿ, ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಸಾವಿರಾರು ಎಕರೆ ಹೋಯಿತು. ಕಾಂಪೌಂಡ್ ಎದ್ದ ಮೇಲೆ ದನ ಕುರಿ ಮೇಯಿಸುವವರಿಗೆ ಉಳಿದ ಜಾಗ ಎಷ್ಟು ಅನ್ನುವುದನ್ನು ಆ ಭಾಗದ ಯಾರನ್ನು ಕೇಳಿದರೂ ಹೇಳುತ್ತಾರೆ. ಪ್ರತಿ ಸಲ ಹೊಸದೇನಾದರೂ ಬಂದಾಗ ಸರಿದು ನಿಲ್ಲಬೇಕಾದವರು ಅವರೇ. ಕೊನೆಗೆ ಒಂದು ಗುಡ್ಡದ ದಾರಿಯಲ್ಲೂ ಅವರೇ ಸರಿಯಬೇಕು ಅಂದರೆ ನನಗೆ ಒಪ್ಪಿಗೆ ಆಗುವುದಿಲ್ಲ.

ಒಂದು ಬೆಳಗ್ಗೆ ಕಂಡದ್ದನ್ನು ಹೇಳುತ್ತೇನೆ. ಊರಾಚೆಯ ಒಂದು ಗುಡ್ಡ. ಎರಡು ಕಡೆ ಕಾರೆಮುಳ್ಳು, ನಡುವೆ ಎರಡಡಿ ದಾರಿ, ಒಂದು ತಿರುವು. ಮೇಲಿನಿಂದ ಕುರಿ ಹಿಂಡು ಇಳಿಯುತ್ತಿತ್ತು. ನಾನು ಇಳಿದು ಸೈಕಲ್ಲನ್ನು ಬಂಡೆಗೆ ಒರಗಿಸಿ ನಿಂತಿದ್ದೆ. ಹಿಂದಿನಿಂದ ಬ್ಯಾಟರಿ ಸೈಕಲ್ಲಿನ ಹುಡುಗನೊಬ್ಬ ಏರಿ ಬಂದ. ಒಳ್ಳೆಯ ಹುಡುಗ, ಚೆನ್ನಾಗಿ ಓಡಿಸುತ್ತಾನೆ. ಹಿಂಡು ಕಂಡ ಕೂಡಲೇ ಬ್ರೇಕ್ ಹಾಕಿದ. ಆದರೂ ಮುಂದಿನ ಕುರಿಗಳಿಗೂ ಅವನಿಗೂ ಮಧ್ಯೆ ಒಂದು ಮಾರು ಜಾಗ ಉಳಿದಿತ್ತು ಅಷ್ಟೆ. ಮುಂದಿನವು ಗಕ್ಕನೆ ನಿಂತವು. ಹಿಂದಿನವು ಅವುಗಳ ಮೇಲೆ ನುಗ್ಗಿದವು. ಒಂದು ಮರಿ ಮುಳ್ಳಿನೊಳಗೆ ಬಿತ್ತು. ನಾಯಿ ಹುಡುಗನ ಕಾಲಿಗೆ ಹೋಯಿತು. ಯಜಮಾನರು ಕೂಗಿ ನಾಯಿಯನ್ನು ತಡೆದರು, ಮರಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು, ಅದರ ಕಾಲಿನ ಮುಳ್ಳು ಕೀಳುತ್ತಲೇ ಮಾತಾಡಿದರು.

“ಸದ್ದು ಮಾಡ್ಕಂಡಾದ್ರೂ ಬಾರಪ್ಪ. ಮೋಟ್ರುಸೈಕಲ್ ಆದ್ರೆ ದೂರದಿಂದ್ಲೇ ಗೊತ್ತಾಗ್ತೈತೆ, ಕುರಿ ಒಂದ್ ಕಡಿಕ್ ಹೊಡ್ಕಂತೀವಿ. ಇದು ಎದೆ ಮ್ಯಾಲೆ ಬಂದ್ ಮ್ಯಾಲೇ ಕಾಣದು.”

ಹುಡುಗ “ತಪ್ಪಾಯ್ತು ಯಜಮಾನ್ರೇ” ಅಂದ. ಅವರು ಕೋಪ ಮಾಡಿಕೊಳ್ಳಲಿಲ್ಲ. ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, “ಸೈಕಲ್ ಅಂತೀರ, ಸೈಕಲ್ ಏರಾಗೆ ಇಷ್ಟು ಜೋರಾಗಿ ಬರ್ತೈತಾ?” ಅಂತ ಕೇಳಿದರು.

ಇಡೀ ವಿಷಯದ ತಿರುಳು ಆ ಪ್ರಶ್ನೆಯಲ್ಲಿದೆ ಅಂತ ನನಗೆ ಅನ್ನಿಸಿತು. ಮನೆಗೆ ಬಂದು ಲೆಕ್ಕ ಹಾಕಿದೆ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿ ಇದೆ ಅಂತ ಇಟ್ಟುಕೊಳ್ಳಿ. 70 ಕೆಜಿ ತೂಕದ ಮನುಷ್ಯ, 15 ಕೆಜಿಯ ಸಾದಾ ಸೈಕಲ್. ಚೆನ್ನಾಗಿ ತುಳಿಯುವವನು ಒಂದೇ ಸಮನೆ ಸುಮಾರು 150 ವಾಟ್ ಶಕ್ತಿ ಹಾಕಬಲ್ಲ. ಮಣ್ಣಿನ ಎಳೆತವನ್ನೂ ಸೇರಿಸಿದರೆ ಅವನ ವೇಗ ಗಂಟೆಗೆ ಐದು ಕಿಲೋಮೀಟರ್ ಆಸುಪಾಸು. ಅಂದರೆ ಬಿರುಸಾಗಿ ನಡೆಯುವವನ ವೇಗ, ಅಲ್ವಾ? ಅದೇ ಮನುಷ್ಯನಿಗೆ 250 ವಾಟ್ ಮೋಟಾರು ಜೊತೆಯಾದರೆ, ಸೈಕಲ್ಲಿನ ತೂಕ ಹತ್ತು ಕೆಜಿ ಜಾಸ್ತಿಯಾದರೂ, ವೇಗ ಹದಿಮೂರರ ಹತ್ತಿರ ಹೋಗುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. 250 ವಾಟ್ ಅಂತ ಬರೆದಿರುವ ಎಷ್ಟೋ ಮೋಟಾರುಗಳು ಏರಿನಲ್ಲಿ ಅದರ ಎರಡರಷ್ಟು ಶಕ್ತಿ ಕೊಡುತ್ತವೆ. ಇದರಲ್ಲಿ ಮೋಸ ಏನಿಲ್ಲ. ಆ ಅಂಕಿ ಬಹಳ ಹೊತ್ತು ಒಂದೇ ಸಮನೆ ಕೊಡುವ ಶಕ್ತಿಯದ್ದು, ಒಂದು ಗಳಿಗೆಯ ಎಳೆತದ್ದಲ್ಲ.

ಇಳಿಯುವಾಗ ಸಾದಾ ಸೈಕಲ್ಲಿಗೂ ಬ್ಯಾಟರಿ ಸೈಕಲ್ಲಿಗೂ ಅಂಥ ವ್ಯತ್ಯಾಸ ಇಲ್ಲ. ಭೂಮಿ ಎರಡನ್ನೂ ಎಳೆಯುತ್ತದೆ. ಎಲ್ಲರೂ ಇಳಿಜಾರಿನ ವೇಗದ ಬಗ್ಗೆಯೇ ಮಾತಾಡುತ್ತಾರೆ. ಹೊಸದಾಗಿ ಬಂದಿರುವುದು ಏರಿನ ವೇಗ. ಇಲ್ಲಿಯವರೆಗೆ ಗುಡ್ಡ ತಾನೇ ಎಲ್ಲರ ವೇಗಕ್ಕೂ ಕಡಿವಾಣ ಹಾಕುತ್ತಿತ್ತು. ಏರುವವನು ನಿಧಾನ ಇರುತ್ತಾನೆ ಅನ್ನುವ ನಂಬಿಕೆ ಮೇಲೆ ಇಳಿಯುವವನೂ ತಿರುವು ತೆಗೆದುಕೊಳ್ಳುತ್ತಿದ್ದ, ಕುರಿಯವರೂ ಹಿಂಡು ಇಳಿಸುತ್ತಿದ್ದರು. ಈಗ ಒಬ್ಬ ಗಂಟೆಗೆ 25 ಕಿಲೋಮೀಟರಿನಲ್ಲಿ ಇಳಿಯುತ್ತಿದ್ದಾನೆ, ಇನ್ನೊಬ್ಬ 13ರಲ್ಲಿ ಏರುತ್ತಿದ್ದಾನೆ, ತಿರುವಿನಾಚೆ ಕಾಣುವುದು ಇಪ್ಪತ್ತು ಮೀಟರ್ ಅಂದುಕೊಳ್ಳಿ. ಇಬ್ಬರ ನಡುವೆ ಎರಡು ಸೆಕೆಂಡಿಗಿಂತ ಕಡಿಮೆ ಸಮಯ ಇದೆ. ಅಷ್ಟರಲ್ಲಿ ನೋಡಬೇಕು, ತಿಳಿಯಬೇಕು, ಬ್ರೇಕ್ ಹಿಡಿಯಬೇಕು.

ಹಾಗಂತ ಈ ಸೈಕಲ್ಲುಗಳನ್ನು ಪೂರ್ತಿ ಬೇಡ ಅನ್ನಲು ನನ್ನಿಂದ ಆಗುವುದಿಲ್ಲ. ಅದಕ್ಕೆ ಕಾರಣ ನನ್ನ ಜೊತೆ ಬರುವ ನಿವೃತ್ತ ಮೇಷ್ಟ್ರು. ಅವರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ನಾಡಿ ಬಡಿತ ಇಷ್ಟು ದಾಟಬಾರದು ಅಂತ ಡಾಕ್ಟರು ಒಂದು ಅಂಕಿ ಹೇಳಿದ್ದಾರೆ. ಬಡಿತ ಎಷ್ಟಿದೆ ಅನ್ನುವುದು ಹ್ಯಾಂಡಲ್ ಮೇಲಿನ ಪುಟ್ಟ ಪರದೆಯಲ್ಲಿ ಸದಾ ಕಾಣುತ್ತಿರುತ್ತದೆ. ಏರು ಬಂದು ಅಂಕಿ ಮೇಲೆ ಹೋದಾಗ ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತುತ್ತಾರೆ, ಮೋಟಾರು ಸ್ವಲ್ಪ ಜಾಸ್ತಿ ಭಾರ ಹೊರುತ್ತದೆ, ಅಂಕಿ ನಿಧಾನಕ್ಕೆ ಇಳಿಯುತ್ತದೆ. ಮತ್ತೆ ಗುಂಡಿ ಒತ್ತಿ ಭಾರವನ್ನು ತಮ್ಮ ಕಾಲಿಗೆ ವಾಪಸ್ ತಂದುಕೊಳ್ಳುತ್ತಾರೆ. ದಾರಿಯುದ್ದಕ್ಕೂ ಇದೇ ಕೆಲಸ. ಗುಡ್ಡದ ನೆತ್ತಿಯ ಗಾಳಿಗೆ ಮುಖ ಒಡ್ಡಿ ನಿಂತಾಗ ಅವರ ಅಂಗಿ ಬೆವರಿಗೆ ಬೆನ್ನಿಗೆ ಅಂಟಿರುತ್ತದೆ. ಮೋಟಾರು ಇದ್ದರೆ ಮೈ ಬಗ್ಗುವುದಿಲ್ಲ, ಸುಮ್ನೆ ಕೂತು ಬರುತ್ತಾರೆ ಅನ್ನುವವರು ಅವರನ್ನು ಒಮ್ಮೆ ನೋಡಬೇಕು. ಈ ಸೈಕಲ್ ಇಲ್ಲದಿದ್ದರೆ ಅವರಿಗೆ ಆ ಗುಡ್ಡ ಕೆಳಗಿನಿಂದ ನೋಡುವ ಗುಡ್ಡವೇ. ಮೊಣಕಾಲು ಆಪರೇಷನ್ ಆದವರು, ಗಂಡ ಹೆಂಡತಿ ಜೊತೆಯಾಗಿ ಹೋಗಬೇಕು ಅಂದರೂ ಒಬ್ಬರಿಗೆ ಉಸಿರು ಸಾಲದವರು, ಇಂಥವರೆಲ್ಲ ಇದ್ದಾರೆ. ಇವರ ಮುಖಕ್ಕೆ ಬಾಗಿಲು ಹಾಕಲು ನನಗೆ ಮನಸ್ಸಿಲ್ಲ.

ಕಾನೂನು ಏನು ಹೇಳುತ್ತದೆ? ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರು ಮೂವತ್ತು ನಿಮಿಷ ಒಂದೇ ಸಮನೆ ಕೊಡಬಲ್ಲ ಶಕ್ತಿ 250 ವಾಟಿಗಿಂತ ಕಡಿಮೆ ಇದ್ದು, ವೇಗ ಗಂಟೆಗೆ 25 ಕಿಲೋಮೀಟರ್ ಮುಟ್ಟುವಾಗ ಅಥವಾ ತುಳಿಯುವುದು ನಿಲ್ಲಿಸಿದಾಗ ಮೋಟಾರು ಬಂದ್ ಆಗುವ ಸೈಕಲ್ ಮೋಟಾರು ವಾಹನ ಅಲ್ಲ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ತುಳಿಯದೆ ಬರೀ ಆಕ್ಸಿಲರೇಟರ್ ತಿರುಗಿಸಿ ಓಡಿಸುವ ಕಡಿಮೆ ಶಕ್ತಿಯ ಗಾಡಿಗೂ ಹೆಚ್ಚುಕಡಿಮೆ ಇದೇ ಸವಲತ್ತು ಇದೆ. ಆದರೆ ಅದು ರಸ್ತೆಯ ಕಾನೂನು. ರಸ್ತೆಗೆ 25 ಅನ್ನುವುದು ನಿಧಾನ. ಎರಡಡಿ ದಾರಿಗೆ ಅದು ನಿಧಾನ ಅಲ್ಲ. ರಸ್ತೆಯ ಕಾನೂನಿನಲ್ಲಿ ಸೈಕಲ್ ಅಂತ ಒಪ್ಪಿದ್ದಾರೆ, ಹಾಗಾಗಿ ಕಾಡಿನಲ್ಲೂ ಎಲ್ಲ ಕಡೆ ಬಿಡಬೇಕು ಅನ್ನುವ ವಾದ ನಿಲ್ಲುವುದಿಲ್ಲ.

ಬೇರೆ ದೇಶದವರೂ ಇದನ್ನೇ ಬೇರೆ ಬೇರೆ ಥರ ಬಿಡಿಸಿಕೊಂಡಿದ್ದಾರೆ. ಅಮೆರಿಕದಲ್ಲಿ 2019ರಲ್ಲಿ, ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಅಲ್ಲಿಯ ಒಳಾಡಳಿತ ಇಲಾಖೆ, ಸಾದಾ ಸೈಕಲ್ ಬಿಡುವ ಕಡೆ ಬ್ಯಾಟರಿ ಸೈಕಲ್ಲನ್ನೂ ಬಿಡುವ ಕಡೆಗೆ ಆದೇಶ ಹೊರಡಿಸಿತು. ಅದೇ ದೇಶದ ಅರಣ್ಯ ಸೇವೆ ಮಾತ್ರ ಇವು ಮೋಟಾರು ಇರುವ ಗಾಡಿಗಳೇ ಅಂತ ಹೇಳುತ್ತದೆ. ಮೋಟಾರಿಗೆ ಅಂತ ಗುರುತು ಮಾಡಿದ ದಾರಿಯಲ್ಲಿ ಮಾತ್ರ ಬಿಡುತ್ತದೆ. ಒಂದೇ ಸರ್ಕಾರದ ಎರಡು ಇಲಾಖೆ, ಎರಡು ಉತ್ತರ. ನನಗೆ ಜಾಸ್ತಿ ಹಿಡಿಸಿದ್ದು ಇಂಗ್ಲೆಂಡಿನ ಹಳೆಯ ನಿಯಮ. ಕುದುರೆ ದಾರಿಗಳಲ್ಲಿ ಸೈಕಲ್ ಓಡಿಸುವ ಹಕ್ಕನ್ನು ಅವರು 1968ರ ಕಾಯ್ದೆಯಲ್ಲಿ ಕೊಟ್ಟರು. ಕೊಡುವಾಗಲೇ, ನಡೆಯುವವರಿಗೂ ಕುದುರೆಯವರಿಗೂ ಸೈಕಲ್‌ನವರು ದಾರಿ ಬಿಡಬೇಕು ಅಂತ ಅದೇ ಕಲಮಿನಲ್ಲಿ ಸೇರಿಸಿದರು. ಹಕ್ಕೂ ಹೊಣೆಯೂ ಒಟ್ಟಿಗೆ ಬಂದವು.

ಮಣ್ಣು ಹಾಳಾಗುತ್ತದೆ ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಇದು ಅಷ್ಟು ಗಟ್ಟಿಯಾದ ವಾದ ಅಲ್ಲ. ಅಮೆರಿಕದ ಮೊಂಟಾನಾದಲ್ಲಿ ಮಾಡಿದ, 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚಕ್ರಕ್ಕಿಂತ ಗೊರಸು ಮತ್ತು ಕಾಲೇ ಹೆಚ್ಚು ಮಣ್ಣು ಸಡಿಲ ಮಾಡುತ್ತವೆ ಅಂತ ಕಂಡುಬಂತು. 2015ರಲ್ಲಿ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘ ಆರೆಗಾನ್ ರಾಜ್ಯದಲ್ಲಿ ಸಣ್ಣ ಮಟ್ಟದ ಪರೀಕ್ಷೆ ಮಾಡಿತು. ತುಳಿದರೆ ಮಾತ್ರ ಓಡುವ ಬ್ಯಾಟರಿ ಸೈಕಲ್ ಮಾಡುವ ಹಾನಿ ಸಾದಾ ಸೈಕಲ್ಲಿನ ಹತ್ತಿರ ಇತ್ತು, ಪೆಟ್ರೋಲ್ ಡರ್ಟ್ ಬೈಕಿನದ್ದು ಬಹಳ ಜಾಸ್ತಿ ಇತ್ತು. ಸೈಕಲ್‌ನವರ ಸಂಘವೇ ಮಾಡಿದ್ದು ಅನ್ನುವುದನ್ನು ನೆನಪಿಟ್ಟುಕೊಂಡೇ ಓದಬೇಕು, ಆದರೂ ಕಣ್ಣಿಗೆ ಕಾಣುವುದಕ್ಕೆ ಅದು ವಿರುದ್ಧವಾಗೇನೂ ಇಲ್ಲ. ನಮ್ಮ ಗುಡ್ಡಗಳದ್ದು ಗರಸು ಮಣ್ಣು. ಮಳೆ ಕಡಿಮೆ, ಆದರೆ ಬಂದಾಗ ಜೋರು. ಕಡಿದಾದ ಏರಿನಲ್ಲಿ ಹಿಂದಿನ ಚಕ್ರ ಜಾರಿ ತಿರುಗಿದ ಕಡೆ ಒಂದು ಗೀರು ಬೀಳುತ್ತದೆ. ಮುಂದಿನ ಮಳೆಗೆ ನೀರು ಅದೇ ಗೀರು ಹಿಡಿದು ಇಳಿಯುತ್ತದೆ, ಕೊರಕಲು ಆಗುತ್ತದೆ. ಮಳೆಯಾದ ಒಂದೆರಡು ದಿನ ಯಾವ ಸೈಕಲ್ಲೂ ಆ ಕಡೆ ಹೋಗದಿದ್ದರೆ ಇದಕ್ಕೆ ಅರ್ಧ ಪರಿಹಾರ ಸಿಕ್ಕಂತೆ.

ಪ್ರಾಣಿಗಳ ವಿಷಯಕ್ಕೆ ಬಂದರೆ ಇಷ್ಟು ಹಗುರವಾಗಿ ಮಾತಾಡಲು ಆಗುವುದಿಲ್ಲ. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡ ಈಗ ವನ್ಯಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಧಾಮದೊಳಗೆ ಹೋಗಲು ಅನುಮತಿ ಬೇಕು. ಸೈಕಲ್ ಯಾವುದೇ ಆಗಿರಲಿ, ನಡಿಗೆಯೇ ಆಗಿರಲಿ. ಅಲ್ಲಿ ಕರಡಿ ಇದೆ, ಚಿರತೆ ಇದೆ. ಕರಡಿ ಗೆದ್ದಲು ಹುತ್ತ ಬಗೆಯುತ್ತಾ ಇರುವಾಗ ಸುತ್ತಲಿನ ಪರಿವೆ ಇರುವುದಿಲ್ಲ. ಮನುಷ್ಯ ತೀರಾ ಹತ್ತಿರ ಬಂದ ಮೇಲೆ ಗಾಬರಿಯಾಗಿ ಮೇಲೆ ಬೀಳುತ್ತದೆ. ಕರಡಿ ದಾಳಿಗಳಲ್ಲಿ ಎಷ್ಟೋ ನಡೆಯುವುದು ಹೀಗೇ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮ ಇದೆ. ಗಂಡು ಕೊಂಡುಕುರಿಗೆ ನಾಲ್ಕು ಕೊಂಬು. ಬಹಳ ಪುಕ್ಕಲು ಪ್ರಾಣಿ. ಹುಲ್ಲಿನಲ್ಲಿ ಅಲುಗದೆ ಅಡಗಿ ಕೂತಿದ್ದು, ಮನುಷ್ಯ ಹತ್ತಿರ ಬಂದಾಗ ಚಂಗನೆ ಹಾರಿ ಓಡುತ್ತದೆ. ಬೇಸಗೆಯಲ್ಲಿ ನೀರಿನ ಹತ್ತಿರ ಅದನ್ನು ದಿನಕ್ಕೆ ನಾಲ್ಕಾರು ಸಲ ಓಡಿಸಿದರೆ ಏನಾಗಬಹುದು ಯೋಚಿಸಿ.

2016ರ ಜೂನಿನಲ್ಲಿ ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಪಕ್ಕದ ಕಾಡಿನಲ್ಲಿ ಸೈಕಲ್ ಸವಾರರೊಬ್ಬರು ತಿರುವಿನಲ್ಲಿ ವೇಗವಾಗಿ ಬರುತ್ತಾ ಗ್ರಿಜ್ಲಿ ಕರಡಿಗೆ ಡಿಕ್ಕಿ ಹೊಡೆದರು. ಕರಡಿ ಅವರನ್ನು ಕೊಂದಿತು. ಅವರು ಅರಣ್ಯ ಸೇವೆಯ ಅಧಿಕಾರಿ, ಆ ಕಾಡನ್ನು ಚೆನ್ನಾಗಿ ಬಲ್ಲವರು. ಆ ಸೈಕಲ್ಲಿಗೆ ಮೋಟಾರು ಇರಲಿಲ್ಲ. ಮುಂದೆ ಕಾಣದ ತಿರುವು, ವೇಗ, ಸದ್ದಿಲ್ಲದೆ ಬರುವುದು, ಈ ಮೂರೂ ಸೇರಿದರೆ ಸಾಕು. ಸಾದಾ ಸೈಕಲ್ಲಿಗೆ ಈ ಮೂರೂ ಸೇರುವುದು ಇಳಿಜಾರಿನಲ್ಲಿ ಮಾತ್ರ. ಮೋಟಾರು ಇದ್ದರೆ ಏರಿನಲ್ಲೂ ಸೇರುತ್ತವೆ. ಇನ್ನೊಂದು ಮಾತು. ಸಾದಾ ಸೈಕಲ್‌ನವನಿಗೆ ಒಂದು ಗುಡ್ಡ ಹತ್ತುವಷ್ಟರಲ್ಲಿ ಸಾಕಾಗಿರುತ್ತದೆ. ಬ್ಯಾಟರಿ ಇದ್ದವನು ಅದೇ ಬೆಳಗ್ಗೆ ಮೂರು ಗುಡ್ಡ ನೋಡುತ್ತಾನೆ, ಮೊದಲು ಯಾರೂ ಹೋಗದಷ್ಟು ಒಳಗೆ ಹೋಗುತ್ತಾನೆ. ಜನ ಅಷ್ಟೇ ಇದ್ದರೂ ಕಾಡಿನ ಮೇಲಿನ ಓಡಾಟ ಹೆಚ್ಚುತ್ತದೆ.

ಹಾಗಾದರೆ ಎಲ್ಲಿ ಬಿಡಬೇಕು? ಉತ್ತರ ನಮ್ಮ ಗುಡ್ಡಗಳ ಮೇಲೆಯೇ ನಿಂತಿದೆ. ಹೈವೇಯಲ್ಲಿ ಹೋಗುವವರೆಲ್ಲ ನೋಡಿರುವ ಆ ಗಾಳಿಯಂತ್ರಗಳು. ಅವುಗಳ ರೆಕ್ಕೆಗಳನ್ನು ಸಾಗಿಸಲು ಗುಡ್ಡ ಕಡಿದು ದಾರಿ ಮಾಡಿದ್ದಾರೆ. ಅಷ್ಟುದ್ದದ ರೆಕ್ಕೆ ಹೊತ್ತ ಲಾರಿ ತಿರುಗಬೇಕು ಅಂದರೆ ತಿರುವು ಎಷ್ಟು ಅಗಲ ಇರಬೇಕು ಊಹಿಸಿ. ಅಂಥ ತಿರುವಿನಲ್ಲಿ ಎದುರಿಗೆ ಬರುವವರು ದೂರದಿಂದಲೇ ಕಾಣುತ್ತಾರೆ. ಕುರಿ ಹಿಂಡು ಒಂದು ಪಕ್ಕ ಇಳಿದರೆ ಇನ್ನೊಂದು ಪಕ್ಕ ಸೈಕಲ್ ಏರಬಹುದು. ಗುಡ್ಡಕ್ಕೆ ಆಗಬೇಕಾದ ಗಾಯ ಆಗಿಹೋಗಿದೆ, ಹೊಸದಾಗಿ ಕಡಿಯಬೇಕಿಲ್ಲ. ಮೇಷ್ಟ್ರಿಗೆ ಬೇಕಾದ ಗಾಳಿಯೂ ಏರೂ ಅಲ್ಲಿ ಬೇಕಾದಷ್ಟಿದೆ. ಆ ದಾರಿಗಳು ಕಂಪನಿಗಳ ಕೈಯಲ್ಲೋ ಅರಣ್ಯ ಇಲಾಖೆಯ ಕೈಯಲ್ಲೋ ಇರುತ್ತವೆ. ಕೇಳಿ, ಅನುಮತಿ ಪಡೆದು, ಇಂಥಿಂಥ ದಾರಿ ಅಂತ ಗುರುತು ಮಾಡಿದರೆ ಆಯಿತು. ಹಳೆಯ ಬಂಡಿ ಜಾಡುಗಳು, ಕೆರೆ ಏರಿ ಪಕ್ಕದ ಮಣ್ಣು ರಸ್ತೆಗಳೂ ಈ ಪಟ್ಟಿಗೆ ಸೇರಲಿ.

ಕೆಲವು ಕಟ್ಟುಪಾಡು ಬೇಕೇ ಬೇಕು. ಆಕ್ಸಿಲರೇಟರ್ ಇರುವ ಗಾಡಿ ಗುಡ್ಡಕ್ಕೆ ಬೇಡ, ತುಳಿದರೆ ಮಾತ್ರ ಓಡುವಂಥದ್ದು ಬರಲಿ. ಇದನ್ನು ಗೇಟಿನಲ್ಲಿ ನಿಂತ ಗಾರ್ಡ್ ಕೂಡ ಹ್ಯಾಂಡಲ್ ನೋಡಿ ಹೇಳಬಲ್ಲರು. ವಾಟ್ ಎಷ್ಟು ಅಂತ ಅಳೆಯುವ ನಿಯಮ ಮಾಡಿದರೆ ಯಾರೂ ಪಾಲಿಸುವುದಿಲ್ಲ, ಅಳೆಯುವವರೂ ಇಲ್ಲ. 25ರ ಮಿತಿಯನ್ನು ತೆಗೆಸಿಹಾಕುವ ಕೈಚಳಕ ಪೇಟೆಯಲ್ಲಿ ಸಿಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಸೈಕಲ್ಲಿಗೆ ಗಂಟೆ ಕಡ್ಡಾಯ ಇರಲಿ. ದನ ಕುರಿ ಕಂಡರೆ ಇಳಿದು ನಿಲ್ಲಬೇಕು, ಹಿಂಡು ಪೂರ್ತಿ ದಾಟುವ ತನಕ. ಬೆಳಕು ಹರಿಯುವ ಮೊದಲು, ಹೊತ್ತು ಮುಳುಗಿದ ಮೇಲೆ ಯಾರೂ ಬೇಡ, ಅದು ಕರಡಿಯ ಹೊತ್ತು.

ಮತ್ತೆ, ಈ ನಿಯಮಗಳನ್ನು ಮಾಡುವವರು ಯಾರು? 2024ರಲ್ಲಿ ಕುಮಾರ ಪರ್ವತಕ್ಕೆ ಒಂದೇ ಸಲ ಜನ ನುಗ್ಗಿದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದಿತು. ಅದು ಬೇಕಾಗಿತ್ತು. ಆದರೆ ಮೊಬೈಲಿನಲ್ಲಿ ಬುಕ್ ಮಾಡುವವನ ಲೆಕ್ಕ ಮಾತ್ರ ಅಲ್ಲಿ ಬರುತ್ತದೆ. ಕುರಿ ಹೊಡೆದುಕೊಂಡು ಹೋಗುವವರು ಯಾವ ಬುಕಿಂಗಿನಲ್ಲೂ ಇಲ್ಲ. ನಮ್ಮಲ್ಲಿ ಗ್ರಾಮ ಅರಣ್ಯ ಸಮಿತಿಗಳಿವೆ. ಯಾವ ದಾರಿಯಲ್ಲಿ ಯಾವ ತಿಂಗಳು ಹಿಂಡು ಇಳಿಯುತ್ತದೆ, ಎಲ್ಲಿ ನೀರು ಇದೆ, ಎಲ್ಲಿ ಕರಡಿ ಕಾಣುತ್ತದೆ ಅನ್ನುವುದು ಅಲ್ಲಿ ಕೂತವರಿಗೆ ಬಾಯಿಪಾಠ. ಸೈಕಲ್‌ನವರು ಅವರ ಬಳಿಗೆ ಹೋಗಲಿ. ನಕ್ಷೆ ಹಾಸಿ ಕೂತು ಕೇಳಲಿ. ಇದು ಬೇಡ ಅಂದ ದಾರಿಗೆ ಹೋಗದಿರಲಿ.

ಮೇಷ್ಟ್ರಿಗೆ ಇದನ್ನೆಲ್ಲ ಹೇಳಿದಾಗ ಒಪ್ಪಿದರು, ಒಂದು ತಿದ್ದುಪಡಿ ಕೇಳಿದರು. “ನೋಡಪ್ಪ, ಗಾಳಿಯಂತ್ರದ ದಾರಿ ಬಿಟ್ಟು ದೇವಸ್ಥಾನಕ್ಕೆ ಹೋಗೋ ಆ ಕೊನೇ ತುಂಡು ಕಾಲುದಾರಿನೇ ಇದೆ. ಅಲ್ಲಿ ನಾನು ತುಳಿಯಲ್ಲ. ಇಳಿದು ತಳ್ಳಿಕೊಂಡು ಹೋಗೋಕೆ ಬಿಡಿ.” ಇಂಥ ಸೈಕಲ್ಲುಗಳಲ್ಲಿ ತಳ್ಳುವಾಗ ನೆರವಾಗುವ ಒಂದು ಗುಂಡಿ ಇರುತ್ತದೆ. ಒತ್ತಿ ಹಿಡಿದರೆ ಮೋಟಾರು ನಡಿಗೆಯ ವೇಗದಲ್ಲಿ ಮಾತ್ರ ಚಕ್ರ ತಿರುಗಿಸುತ್ತದೆ, ಯುರೋಪಿನ ನಿಯಮದಲ್ಲಿ ಅದಕ್ಕೆ ಗಂಟೆಗೆ 6 ಕಿಲೋಮೀಟರಿನ ಮಿತಿ ಇದೆ. 25 ಕೆಜಿ ಭಾರವನ್ನು ಅವರು ಏರಿನಲ್ಲಿ ತಳ್ಳಬೇಕಲ್ಲ, ಸ್ಟೆಂಟ್ ಹಾಕಿಸಿಕೊಂಡ ಎದೆಯಿಟ್ಟುಕೊಂಡು. ಇದಕ್ಕೆ ನನ್ನ ಒಪ್ಪಿಗೆ ಇದೆ. ಸಮಿತಿಯವರನ್ನು ಕೇಳುವಾಗ ಇದನ್ನೂ ಸೇರಿಸಿ ಕೇಳುತ್ತೇನೆ.